ಹೊಳೆ ದಾಟದ ದೋಣಿ

ಹಾಂಗ್‌ಕಾಂಗ್‌ನಲ್ಲಿ ದೋಣಿಗಳು ಹೊರಟ ದಂಡೆಗೇ ಮರಳುತ್ತವೆ. ಇದನ್ನು ರಬಕವಿಯ ದೋಣಿ ಸುಧಾರಣಾ ಸಮಿತಿ ಖುದ್ದಾಗಿ ಅಲ್ಲಿಗೆ ಹೋಗಿ, ಕಣ್ಣಾರೆ ಕಂಡು ದೃಢಪಡಿಸಿದೆ.

ಸಮಿತಿ ಹುಟ್ಟಿದ್ದು ಒಂದು ತೂತಿನಿಂದ. ಜನರನ್ನು ಕೃಷ್ಣೆಯ ಆಚೆ ದಂಡೆಗೆ ಸಾಗಿಸುವ ದೋಣಿಯೊಳಗೆ ನೀರು ಬರುತ್ತಿದೆ ಎಂದು ಅಂಬಿಗ ಕಲ್ಮೇಶ ದೂರು ಕೊಟ್ಟಿದ್ದ. ತೂತು ಮುಚ್ಚುವ ಮೊದಲು, ಜಗತ್ತಿನ ದೊಡ್ಡ ಬಂದರುಗಳಲ್ಲಿ ದೋಣಿಗಳನ್ನು ಹೇಗೆ ನಡೆಸುತ್ತಾರೆಂದು ನೋಡಿ ಬರುವುದು ಅಗತ್ಯವೆಂದು ಅಧ್ಯಕ್ಷ ನೀಲಕಂಠಪ್ಪನವರಿಗೆ ಅನಿಸಿತು. ಮಕ್ಕಳಿಗೆ ಬೇಸಿಗೆ ಸೂಟಿಯೂ ಇತ್ತು. ಕುಟುಂಬದವರು ವೀಕ್ಷಕರಾಗಿ ಜೊತೆಗೆ ಹೊರಟರು.

ಹಾಂಗ್‌ಕಾಂಗ್‌ನಲ್ಲಿ ಸಮಿತಿ ಶ್ರದ್ಧೆಯಿಂದ ಅಧ್ಯಯನ ನಡೆಸಿತು. ಟ್ರಾಮ್ ಹತ್ತಿ ಗುಡ್ಡ ಏರಿತು. ಗಾಜಿನ ಕಟ್ಟಡಗಳ ಬುಡದಲ್ಲಿ ನಿಂತು ಕತ್ತು ನೋಯುವವರೆಗೆ ಮೇಲೆ ನೋಡಿತು. ಬಜಾರದಲ್ಲಿ ಕೈಚೀಲಗಳ ದರ ವಿಚಾರಿಸಿ, ಊಟದ ಹೊತ್ತಿಗೆ ಹೋಟೆಲ್ ಕೋಣೆಗೆ ಮರಳಿ, ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದಿತು. ಅಲ್ಲಿಯ ಊಟ ಚೆನ್ನಾಗಿಲ್ಲವೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಕಡೆಯ ಸಂಜೆ ಬಂದರಿನ ವಿಹಾರದ ದೋಣಿ. ದೀಪ, ಹಾಡು, ತಂಪು ಪಾನೀಯ. ದೋಣಿ ಒಂದು ಸುತ್ತು ಹಾಕಿ ತಿರುಗಿತು.

"ಆ ದಂಡಿಗೆ ಯಾವಾಗ ಇಳಸ್ತಾರ್ರೀ?" ಎಂದು ಸದಸ್ಯೆ ರತ್ನಾಬಾಯಿ ಕೇಳಿದರು.

"ಇಳಸೂದಿಲ್ರೀ ಅಕ್ಕಾರ," ಎಂದರು ಅಧ್ಯಕ್ಷರು. "ಮುಂದುವರಿದ ಊರದು. ಹೊಳಿ ದಾಟೂದು ಬಡವರ ಚಾಳಿ."

ಪಕ್ಕದಲ್ಲೇ ಸಾದಾ ದೋಣಿಯೊಂದು ಜನರನ್ನು ಆಚೆ ದಂಡೆಗೆ ಇಳಿಸುತ್ತಿತ್ತು. ಅದು ಅಧ್ಯಯನದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಸಮಿತಿ ಊರಿಗೆ ಮರಳಿದ ಮೇಲೆ ಹೊಳೆದಂಡೆಯಲ್ಲಿ ಫಲಕ ಎದ್ದಿತು: "ಇನ್ನು ಮುಂದೆ ದೋಣಿಯು ನಡುಹೊಳೆಯವರೆಗೆ ಹೋಗಿ ಮರಳತಕ್ಕದ್ದು. ಹತ್ತಿದವರೆಲ್ಲರೂ ಪ್ರವಾಸಿಗರು. ಪ್ರವಾಸಿಗರು ಹತ್ತಿದಲ್ಲೇ ಇಳಿಯತಕ್ಕದ್ದು." ತೂತು ಹಾಗೆಯೇ ಉಳಿಯಿತು. ಆದರೆ ಇನ್ನು ದೋಣಿ ಮುಳುಗಿದರೂ ನಮ್ಮ ಹದ್ದಿನಲ್ಲೇ ಮುಳುಗುತ್ತದೆ ಎಂಬ ಸಮಾಧಾನವಿತ್ತು.

ಇದರಿಂದ ತೊಂದರೆಯಾಯಿತೆಂದು ಮೊದಲು ಹೇಳಿದವನು ಹುಲೆಪ್ಪ, ಪವರ್‌ಲೂಮ್ ಕೆಲಸಗಾರ. ಹೆಂಡತಿ ಸುವರ್ಣಾ ಹೆರಿಗೆಗೆ ಆಚೆ ದಂಡೆಯ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಅವನಿನ್ನೂ ಅದರ ಮುಖ ನೋಡಿರಲಿಲ್ಲ. ಸೇತುವೆ ಸುತ್ತಿ ಹೋಗಿ ಬರುವಷ್ಟು ಸೂಟಿಯನ್ನು ಮಾಲೀಕರು ಕೊಡುತ್ತಿರಲಿಲ್ಲ. ಇಬ್ಬರನ್ನೂ ಕರೆತರಲು ದೋಣಿ ಹತ್ತಿದ. ಕಲ್ಮೇಶನ ತಲೆ ಮೇಲೆ ಸಮಿತಿ ಕೊಟ್ಟ ಬಿಳಿ ಟೋಪಿಯಿತ್ತು.

"ಲೇ ಕಲ್ಮ್ಯಾ, ಆ ದಂಡಿಗೆ ಬಿಡೋ. ಕೂಸಿನ್ನ ನೋಡಬೇಕು."

"ಪ್ರವಾಸಿಗರು ಕುಳಿತುಕೊಳ್ಳತಕ್ಕದ್ದು."

"ಯಾಂವ ಪ್ರವಾಸಿ ಲೇ? ನಿನ್ನ ಲಗ್ನದಾಗ ಹುಗ್ಗಿ ಬಡಿಸಿದಾಂವ ನಾ!"

"ಖರೆ ಐತಿ. ಆದ್ರ ಟೋಪಿ ಹಾಕ್ಕೊಂಡಾಗ ನನಗ ಯಾರ ಗುರ್ತೂ ಇರಬಾರದಂತ."

ನಡುಹೊಳೆಯಲ್ಲಿ ಕಲ್ಮೇಶ ಗಂಟೆ ಬಾರಿಸಿದ. "ನಿಮ್ಮ ಮುಂದೆ ಆಚೆ ದಂಡೆ. ಫೋಟೊ ತೆಗೆಯಬಹುದು." ದಂಡೆಯ ಮೇಲೆ ಸುವರ್ಣಾ ಕೂಸನ್ನು ಎತ್ತಿ ಹಿಡಿದಿದ್ದಳು. ಅಷ್ಟು ದೂರದಿಂದ ಅದು ಅರಿವೆಯ ಗಂಟಿನಂತೆ ಕಂಡಿತು. ಹುಲೆಪ್ಪ ಫೋಟೊ ತೆಗೆದ. ದೋಣಿ ತಿರುಗಿತು.

ಅವನು ಅಧ್ಯಕ್ಷರ ಮನೆಗೆ ಹೋದ.

"ನೋಡಪಾ," ಎಂದರು ಅವರು, "ಹಾಂಗ್‌ಕಾಂಗ್‌ನ್ಯಾಗೂ ಮಂದಿಗೆ ಹೇಣ್ತಿ ಮಕ್ಕಳು ಅದಾರ. ಒಬ್ಬರರ ತಕರಾರು ಮಾಡಿದ್ದು ನಾ ಕಾಣಲಿಲ್ಲ."

ಆದರೂ ಸಮಿತಿಯದು ಕಲ್ಲೆದೆಯಲ್ಲ. ಆಚೆಯವರೂ ಪ್ರವಾಸದಿಂದ ವಂಚಿತರಾಗಬಾರದೆಂದು ಅಲ್ಲಿಂದಲೂ ಒಂದು ದೋಣಿ ಮಂಜೂರಾಯಿತು. ಎರಡೂ ನಡುಹೊಳೆಯಲ್ಲಿ ಕೂಡಿ, ತಂತಮ್ಮ ದಂಡೆಗೆ ತಿರುಗಬೇಕು. ಮೊಸರು ಮಾರುವವರು ಗದ್ದಲ ಮಾಡಿದ್ದರಿಂದ ಫಲಕಕ್ಕೆ ತಿದ್ದುಪಡಿಯೂ ಬಂತು: "ಪ್ರವಾಸಿಗರು ದೋಣಿ ಬದಲಿಸತಕ್ಕದ್ದಲ್ಲ. ಸಾಮಾನು ಬದಲಿಸಬಹುದು. ಎತ್ತಿ ಕೊಡಲು ಬರುವುದೆಲ್ಲವೂ ಸಾಮಾನು."

ಮರುದಿನ ದೋಣಿಗಳು ಪಕ್ಕಕ್ಕೆ ಪಕ್ಕ ತಾಗಿ ನಿಂತವು. ಆ ದೋಣಿಯಿಂದ ಸುವರ್ಣಾ ಕೂಸನ್ನು ಚಾಚಿದಳು. "ಸಾಮಾನು," ಎಂದ ಕಲ್ಮೇಶ. ಹುಲೆಪ್ಪ ಇಸಿದುಕೊಂಡ. ಕೂಸು ಅವನ ಮೂಗು ಹಿಡಿಯಿತು.

"ಮತ್ತ ನಾ?" ಎಂದಳು ಸುವರ್ಣಾ.

"ನೀವು ಪ್ರವಾಸಿಗರು, ತಂಗೆವ್ವ."

ಅವಳು ಗಂಡನ ಕಡೆ ತಿರುಗಿದಳು. "ಏನ್ ನೋಡಾಕತ್ತಿ? ಎತ್ತು! ಲಗ್ನದಾಗ ಎಲ್ಲಾರ ಮುಂದ ಎತ್ತಿದ್ದಿ, ಈಗ ಟೊಂಕ ಹೋಗೇತೇನು?"

ಹುಲೆಪ್ಪ ಕೂಸನ್ನು ಮೊಸರಿನ ಶಿವವ್ವನ ಕೈಗೆ ಕೊಟ್ಟು, ಹೆಂಡತಿಯನ್ನು ಎತ್ತಿ ಈ ದೋಣಿಗೆ ಇಳಿಸಿದ. ಕಲ್ಮೇಶ ಸ್ವಲ್ಪ ಹೊತ್ತು ವಿಚಾರ ಮಾಡಿದ.

"ಎತ್ತಾಕ ಬಂತು," ಎಂದ. "ಸಾಮಾನು."

ಅಂದಿನಿಂದ ಯಾರಿಗೂ ತೊಂದರೆಯಿಲ್ಲ. ಮಾಸ್ತರರು, ಬೀಗರು, ಸೀರೆ ವ್ಯಾಪಾರಿಗಳು ಎಲ್ಲರೂ ಸಾಮಾನಾಗಿ ಹೊಳೆ ದಾಟುತ್ತಾರೆ. ಎತ್ತಿ ಕೊಡಲು ಸಮಿತಿ ಒಬ್ಬ ಹಮಾಲನನ್ನು ಇಟ್ಟಿತು. ಸುವರ್ಣಾಳ ತಾಯಿ ತಾರವ್ವ ತೊಟ್ಟಿಲ ಕಾರ್ಯಕ್ಕೆ ಬಂದಾಗ ಅವಳನ್ನು ಎತ್ತಲು ಅವನೊಬ್ಬನಿಂದ ಆಗಲಿಲ್ಲ. ಸಮಿತಿ ತಕ್ಷಣ ಎರಡನೆಯ ಹಮಾಲನನ್ನು ನೇಮಿಸಿತು. ಆ ಕೆಲಸ ಹುಲೆಪ್ಪನಿಗೇ ಸಿಕ್ಕಿತು. ಅವನಿಗೆ ಅನುಭವವಿತ್ತು. ಪ್ರವಾಸೋದ್ಯಮ ಮತ್ತು ಸರಕು ಸಾಗಣೆ ಎರಡರಲ್ಲೂ ರಬಕವಿ ಪ್ರಗತಿ ಸಾಧಿಸಿದೆ ಎಂದು ಸಮಿತಿಯ ವರದಿ ಹೇಳುತ್ತದೆ.

ಕಳೆದ ವಾರ ಆಚೆ ದಂಡೆಯವರು ಅಧ್ಯಕ್ಷರಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಡುಹೊಳೆಯಲ್ಲಿ ಒಬ್ಬ ಹಮಾಲ ಅವರ ಬಗಲಿಗೆ ಕೈ ಹಾಕಿದ, ಹುಲೆಪ್ಪ ಕಾಲು ಹಿಡಿದ.

"ಏ ಹುಲೆಪ್ಪಾ, ಮೆತ್ತಗ ಹಿಡಿಯೋ, ನನ್ನ ಧೋತ್ರ..."

"ಸಾಮಾನು ಮಾತಾಡತಕ್ಕದ್ದಲ್ಲ," ಎಂದ ಕಲ್ಮೇಶ.