ಅಳತೆ ತಪ್ಪದ ಕೀಲಿಕೈ

ಅಳತೆಯ ವಿಷಯದಲ್ಲಿ ನನ್ನನ್ನು ಯಾರೂ ಪ್ರಶ್ನಿಸುವಂತಿಲ್ಲ. ಕೆ.ಆರ್. ಪುರದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಬೆವರು ಸುರಿಸಿ ಮಾಡಿದ ಬಿಡಿಭಾಗವನ್ನು ವರ್ನಿಯರ್‌ನಲ್ಲಿ ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ನನ್ನ ಉದ್ಯೋಗ. ನಾನೇ ಕೈಯಾರೆ ಏನನ್ನಾದರೂ ಮಾಡಿದ್ದೇನೆಯೇ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ಮರ್ಯಾದೆ ಉಳಿದಿತ್ತು.

ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಗೆ ಇದ್ದದ್ದು ಎರಡೇ ಕೀಲಿಕೈ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಹುಬ್ಬಳ್ಳಿಯಿಂದ ಅತ್ತೆ ಬಂದಿಳಿದಾಗ ಮೂರನೆಯದು ಬೇಕಾಯಿತು. ಹೆಂಡತಿ ಸುಮಾ ಮೊಳೆಗೆ ತೂಗುಹಾಕಿದ್ದ ತನ್ನ ಕೀಲಿಕೈ ತೆಗೆದು ನನ್ನ ಮುಂದೆ ಹಿಡಿದಳು.

"ಹಲಸೂರಲ್ಲಿ ನಯೀಮ್ ಭಾಯ್ ಹತ್ರ ಕೊಡಿ, ಎರಡು ನಿಮಿಷದಲ್ಲಿ ಇನ್ನೊಂದು ಮಾಡ್ಕೊಡ್ತಾರೆ. ನಿಮ್ಮ ಕೀ ಮಾತ್ರ ಕೊಡ್ಬೇಡಿ. ಅದು ಸವೆದು ಹೋಗಿದೆ."

ನನ್ನ ಕೀಲಿಕೈಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಅಸಡ್ಡೆ. ಆರು ವರ್ಷದಲ್ಲಿ ನಾನು ಅದರಿಂದ ಪಾರ್ಸೆಲ್ ಹರಿದಿದ್ದೇನೆ, ಡಬ್ಬದ ಮುಚ್ಚಳ ಎಬ್ಬಿಸಿದ್ದೇನೆ, ಸ್ಕ್ರೂ ಬಿಗಿ ಮಾಡಿದ್ದೇನೆ, ಮೀಟಿಂಗುಗಳಲ್ಲಿ ಕಿವಿಯನ್ನೂ ನೋಡಿಕೊಂಡಿದ್ದೇನೆ. ಬಾಗಿಲು ತೆರೆಯಬೇಕಾದರೆ ಅದನ್ನು ಪೂರ್ತಿ ತೂರಿಸಿ, ಚೂರು ಹಿಂದೆಳೆದು, ಮೇಲಕ್ಕೆತ್ತಿ, ಭುಜವನ್ನು ಬಾಗಿಲಿಗೆ ಕೊಟ್ಟು ತಿರುಗಿಸಬೇಕು. ಇದನ್ನು ನಾನು ನನ್ನ ಕೈಚಳಕ ಎಂದುಕೊಂಡಿದ್ದೆ!

"ಕೀ ಯಾಕೆ ಕೊಡ್ಬೇಕು? ಅಳತೆ ಕೊಟ್ರೆ ಸಾಕು," ಎಂದೆ.

ಎರಡು ಸಂಜೆ ಮೊಬೈಲಿನಲ್ಲಿ ವಿಡಿಯೊ ನೋಡಿ ಬೀಗಶಾಸ್ತ್ರದಲ್ಲಿ ಪಾರಂಗತನಾದೆ. ಬೀಗದೊಳಗೆ ಐದು ಪುಟ್ಟ ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಕೀಲಿಕೈಯ ಒಂದೊಂದು ಕಚ್ಚೂ ಒಂದೊಂದು ಪಿನ್ನನ್ನು ತಕ್ಕಷ್ಟೇ ಎತ್ತುತ್ತದೆ. ಐದೂ ಒಂದೇ ಗೆರೆಗೆ ಬಂದರೆ ಒಳಗಿನ ಉರುಳೆ ತಿರುಗಿ ಬಾಗಿಲು ತೆರೆಯುತ್ತದೆ. ಅಂದರೆ ಬೇಕಾದ ಲೆಕ್ಕ ಎರಡೇ: ಕೀಲಿಕೈಯ ಬುಡದಿಂದ ಪ್ರತಿ ಕಚ್ಚು ಎಷ್ಟು ದೂರ, ಕಚ್ಚಿನ ಕೆಳಗೆ ಎಷ್ಟು ಲೋಹ ಉಳಿದಿದೆ. ಇದನ್ನೆಲ್ಲ ಹೂರಣ ತಿರುವುತ್ತಿದ್ದ ಅತ್ತೆಗೆ ಸವಿಸ್ತಾರವಾಗಿ ಬೋಧಿಸಿದೆ.

"ಎಲ್ಲಾ ಖರೇ ಅಳಿಯಂದ್ರ. ಬಾಗ್ಲಾ ತಗೀತೈತೋ ಇಲ್ಲೋ ಅಷ್ಟ ಹೇಳ್ರಿ," ಎಂದರು ಅತ್ತೆ.

ನನ್ನದೇ ಕೀಲಿಕೈಯನ್ನು ವರ್ನಿಯರ್‌ನಲ್ಲಿ ಮೂರು ಸಲ ಅಳೆದು, ಸರಾಸರಿ ತೆಗೆದು, ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು, ಕೆಳಗೆ ಸಹಿಯನ್ನೂ ಹಾಕಿದೆ. ಹಲಸೂರು ಮಾರ್ಕೆಟ್ಟಿನ ಹತ್ತಿರ ದೊಡ್ಡ ಛತ್ರಿಯ ಕೆಳಗೆ ಕೂತಿದ್ದ ನಯೀಮ್ ಭಾಯ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬ್ಲಡ್ ರಿಪೋರ್ಟಾ ಸಾರ್?"

"ಕೀಲಿಕೈ ಸ್ಪೆಸಿಫಿಕೇಶನ್ ಭಾಯ್."

"ಅಚ್ಛಾ. ಯಾವ ಕೀ ಅಳೆದಿದ್ದು? ಹಳೇದಾ, ಹೊಸದಾ?"

"ಅಳತೆಗೆ ಹಳೇದು ಹೊಸದು ಅಂತ ಇರಲ್ಲ ಭಾಯ್!"

ನಯೀಮ್ ಭಾಯ್ ನನ್ನ ಮುಖವನ್ನೊಮ್ಮೆ ನೋಡಿದರು. "ಹಾಗಾದ್ರೆ ನೀವೇ ಮಾಡ್ಕೊಳ್ಳಿ ಸಾರ್," ಎಂದು ಹಲ್ಲು ಕೊರೆಯದ ಒಂದು ಖಾಲಿ ಕೀಲಿಕೈ, ಒಂದು ಸಣ್ಣ ಅರ ಕೊಟ್ಟರು. ಜೊತೆಗೆ ಫೋನ್ ನಂಬರಿನ ಚೀಟಿಯನ್ನೂ ಕೊಟ್ಟು, "ಇಟ್ಕೊಳ್ಳಿ ಸಾರ್, ಬೇಕಾಗುತ್ತೆ," ಎಂದರು. ಸೌಜನ್ಯದ ಮನುಷ್ಯ ಅಂದುಕೊಂಡೆ.

ಅರ ಹಿಡಿದು ಉಜ್ಜಿದೆ, ಅಳೆದೆ, ಮತ್ತೆ ಉಜ್ಜಿದೆ. ಹಬ್ಬದ ಶುಕ್ರವಾರ ಸಂಜೆ ಐದಕ್ಕೆ ಸರಿಯಾಗಿ ಕೀಲಿಕೈ ಸಿದ್ಧವಾಯಿತು. ಸುಮಾ ಬೆಳಗಿನಿಂದ ಉಪವಾಸವಿದ್ದು ದೇವಿಯನ್ನು ಕೂರಿಸಿದ್ದಳು. ಕಲಶಕ್ಕೆ ಸೀರೆ ಉಡಿಸಿ, ಬೆಳ್ಳಿಯ ಮುಖವಾಡ ಇಟ್ಟು, ದೀಪ ಹಚ್ಚಿದ್ದಳು. ಈ ಬಿಲ್ಡಿಂಗಿಗೆ ಬಂದ ಮೇಲೆ ಅವಳು ಮೊದಲ ಬಾರಿಗೆ ಎಲ್ಲರನ್ನೂ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಆರು ಗಂಟೆಗೆ ಹೆಂಗಸರು ಬರುವವರಿದ್ದರು. ತಾಯಿ ಮಗಳಿಬ್ಬರೂ ಗೇಟಿನ ಮುಂದೆ ರಂಗೋಲಿ ಹಾಕಲು ಕೆಳಗೆ ಇಳಿದಿದ್ದರು.

ಪರೀಕ್ಷೆ ಎಂಬುದು ವಾಸ್ತವ ಪರಿಸ್ಥಿತಿಯಲ್ಲೇ ನಡೆಯಬೇಕೆಂಬುದು ನಮ್ಮ ಕಾರ್ಖಾನೆಯ ನಿಯಮ. ಹೊಸ ಕೀಲಿಕೈ ಹಿಡಿದು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ. ಬೀಗ ತಾನಾಗಿಯೇ ಬಿತ್ತು.

ಕೀಲಿಕೈ ಒಳಗೆ ಹೋಯಿತು. ತಿರುಗಲಿಲ್ಲ!

ಚೂರು ಹಿಂದೆಳೆದೆ, ಮೇಲಕ್ಕೆತ್ತಿದೆ, ಭುಜ ಕೊಟ್ಟೆ. ಜಗ್ಗಲಿಲ್ಲ. ಎದುರು ಮನೆಯ ಮೇರಿ ಆಂಟಿ ಸದ್ದು ಕೇಳಿ ಹೊರಬಂದರು. ಅವರಿಂದ ಕಟಿಂಗ್ ಪ್ಲೇಯರ್ ಇಸಿದುಕೊಂಡು ಕೀಲಿಕೈಯ ತಲೆ ಹಿಡಿದು ತಿರುಗಿಸಿದೆ. ಈ ಸಲ ತಿರುಗಿತು. ಅರ್ಧ ಮಾತ್ರ. ಉಳಿದರ್ಧ ಬೀಗದೊಳಗೇ ಉಳಿಯಿತು!

"ಅಯ್ಯೋ ಕಡವುಳೇ!" ಎಂದರು ಮೇರಿ ಆಂಟಿ. "ಬೇರೆ ಕೀ ಇಲ್ವಾಪ್ಪಾ?"

ಇತ್ತು. ಎರಡಿತ್ತು. ಕಿಟಕಿಯ ಕಂಬಿಯಿಂದ ಇಣುಕಿದರೆ ಒಳಗಿನ ಗೋಡೆಯ ಮೊಳೆಯಲ್ಲಿ ಎರಡೂ ಜೋಡಿಯಾಗಿ ತೂಗುತ್ತಿದ್ದವು. ಇದ್ದರೂ ಪ್ರಯೋಜನವೇನು, ಬೀಗದ ಬಾಯಲ್ಲಿ ನನ್ನ ಕೃತಿಯ ತುಂಡು ಕೂತಿತ್ತಲ್ಲ! ಆ ಮೊಳೆಯಾಚೆ ದೀಪದ ಬೆಳಕಿನಲ್ಲಿ ಮಹಾಲಕ್ಷ್ಮಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

ಮೇಲೆ ಬಂದ ಸುಮಾ ಮೊದಲು ಬಾಗಿಲು ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಅರ್ಧ ಕೀಲಿಕೈ ನೋಡಿದಳು. ಕೋಪ ಬಂದಾಗ ಮಾತ್ರ ಅವಳ ಬಾಯಲ್ಲಿ ಹುಬ್ಬಳ್ಳಿ ಹೊರಬರುತ್ತದೆ.

"ಏನ್ ಮಾಡಿ ಇಟ್ಟೀರಿ? ದೀಪದಾಗ ಎಣ್ಣಿ ಎಷ್ಟೊತ್ತು ಇರ್ತೈತಿ? ಆರಿದ್ರ ಏನ್ ಗತಿ?" ಎಂದವಳ ಕಣ್ಣು ತುಂಬಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಬೈದಿದ್ದರೆ ಎಷ್ಟೋ ಮೇಲಿತ್ತು.

ಅತ್ತೆ ಮಾತ್ರ ನೆಮ್ಮದಿಯಿಂದ ಮೆಟ್ಟಿಲ ಮೇಲೆ ಕೂತರು. "ಅಳಬ್ಯಾಡವಾ. ಲಕ್ಷ್ಮಿ ಚಂಚಲಿ, ಒಂದ್ ಮನ್ಯಾಗ ನಿಲ್ಲಂಗಿಲ್ಲ ಅಂತಾರ. ಅಳಿಯಂದ್ರು ಒಳಗ ಹಾಕಿ ಕೀಲಿ ಮುರದಾರ. ಇನ್ನೆಲ್ಲಿಗೆ ಹೋದಾಳು?"

ನಯೀಮ್ ಭಾಯ್‌ಗೆ ಫೋನ್ ಮಾಡಿದೆ. "ಬರ್ತಿದೀನಿ ಸಾರ್," ಎಂದರು. ಏನಾಯಿತು ಎಂದು ಕೂಡ ಕೇಳಲಿಲ್ಲ.

ಅಷ್ಟರಲ್ಲಿ ಆರು ಗಂಟೆ! ರೇಷ್ಮೆ ಸೀರೆಯ ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮೇರಿ ಆಂಟಿ ತಮ್ಮ ಮನೆಯ ಕುರ್ಚಿ ತಂದು ಹಾಕಿ, ಎಲ್ಲರಿಗೂ ಕಾಫಿ ಕೊಟ್ಟರು. ಅತ್ತೆ ಕಿಟಕಿಯ ಪಕ್ಕ ನಿಂತು, "ಸಾಲಾಗಿ ಬರ್ರಿ, ಕೈ ಮುಗದು ಮುಂದ ಹೋಗ್ರಿ," ಎಂದು ದರ್ಶನದ ವ್ಯವಸ್ಥೆ ಮಾಡಿದರು. ಇಬ್ಬರು ಮುಚ್ಚಿದ ಬಾಗಿಲ ಮುಂದೆಯೇ ಹಾಡು ಶುರುಮಾಡಿದರು. ನಾನು ಸಾಲು ಮುರಿಯದಂತೆ ನೋಡಿಕೊಳ್ಳುವವನ ಹಾಗೆ ಮೂಲೆಯಲ್ಲಿ ನಿಂತೆ. ಕಿಟಕಿಗೆ ಬಂದವರೆಲ್ಲ ಮೊದಲು ದೇವಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

ಆರೂವರೆಗೆ ಬಂದ ನಯೀಮ್ ಭಾಯ್ ಚಪ್ಪಲಿ ಕೆಳಗೇ ಬಿಟ್ಟು, ಹತ್ತು ನಿಮಿಷದಲ್ಲಿ ತುಂಡು ಹೊರತೆಗೆದು ಬಾಗಿಲು ತೆರೆದರು. ಸುಮಾ ಎಣ್ಣೆಯ ಡಬ್ಬ ಹಿಡಿದು ಓಡಿದಳು. ದೀಪ ಇನ್ನೂ ಉರಿಯುತ್ತಿತ್ತು, ಬತ್ತಿಯ ತುದಿ ಮಾತ್ರ ಎಣ್ಣೆಯಲ್ಲಿತ್ತು. ನನ್ನ ಜೀವವೂ ಅಷ್ಟರಲ್ಲೇ ಇತ್ತು.

ನಯೀಮ್ ಭಾಯ್ ಮೊಳೆಯಿಂದ ನಮ್ಮಿಬ್ಬರ ಕೀಲಿಕೈ ತರಿಸಿ, ಒಂದರ ಪಕ್ಕ ಒಂದು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸವರಿದರು.

"ನೋಡಿ ಮೇಡಂ. ಕಂಪ್ನಿಯವ್ರು ಕಚ್ಚಿನ ಆಳ ಮೆಟ್ಟಿಲು ಲೆಕ್ಕದಲ್ಲಿ ಕೊರೀತಾರೆ. ಒಂದ್ನೇ ಮೆಟ್ಟಿಲು, ಎರಡ್ನೇ ಮೆಟ್ಟಿಲು. ಮಧ್ಯ ಇಲ್ಲ. ಸಾರ್ ಕೀ ಸವೆದು ಸವೆದು ಮೆಟ್ಟಿಲ ಮಧ್ಯ ನಿಂತಿದೆ. ಸಾರ್ ಅದನ್ನೇ ಅಳೆದಿದಾರೆ. ಅದರ ಮೇಲೆ ಅರ ಇನ್ನೊಂದೆಳೆ ಜಾಸ್ತಿ ತಿಂದ್ರೆ ಮುಗೀತು, ಪಿನ್ ಏಳಲ್ಲ."

"ಅಂದ್ರೆ ಅಳತೆ ತಪ್ಪಾ?" ಎಂದೆ.

"ಛೆ ಛೆ, ಪಕ್ಕಾ ಇದೆ ಸಾರ್! ಎಷ್ಟು ಸವೆದಿದೆ ಅಂತ ಕರೆಕ್ಟಾಗಿ ಅಳೆದಿದೀರಿ."

ಮರುದಿನ ಸುಮಾಳ ಕೀಲಿಕೈ ನೋಡಿ ಅವರು ಎರಡು ಹೊಸದು ಮಾಡಿಕೊಟ್ಟರು. ಎರಡೇ ನಿಮಿಷ! ನನ್ನ ಮುರಿದ ಕೀಲಿಕೈಗೆ ಸುಮಾ ನನ್ನ ಬ್ಯಾಗಿನಿಂದಲೇ ಒಂದು ಕೆಂಪು ಚೀಟಿ ತೆಗೆದು ಅಂಟಿಸಿ, ಮೊಳೆಗೆ ತೂಗುಹಾಕಿದ್ದಾಳೆ. ಸವೆದ ಕೀಲಿಕೈಯನ್ನು ನಯೀಮ್ ಭಾಯ್ ಕೈಗೇ ಒಪ್ಪಿಸಿಬಿಟ್ಟಳು. ಈಗ ಒಂದು ಕೀಲಿಕೈ ಸುಮಾಳ ಹತ್ತಿರ, ಒಂದು ಅತ್ತೆಯ ಹತ್ತಿರ, ಮೂರನೆಯದು ಮುಂಜಾಗ್ರತೆಗೆಂದು ಮೇರಿ ಆಂಟಿಯ ಹತ್ತಿರ. ನಾನು ಬೆಲ್ ಒತ್ತುತ್ತೇನೆ.

"ಯಾರದು?" ಎನ್ನುತ್ತಾರೆ ಒಳಗಿನಿಂದ ಅತ್ತೆ.

"ನಾನು."

"ಬಾಗ್ಲಾ ಎಷ್ಟ್ ಮಿಲಿಮೀಟರ್ ತಗೀಲಿ ಅಳಿಯಂದ್ರ?"

ಒಬ್ಬ ಮನುಷ್ಯ ಒಳಗೆ ಬರುವಷ್ಟು ತೆಗೆಯಿರಿ, ಸಾಕು ಎಂದು ವಿನಯದಿಂದ ಹೇಳುತ್ತೇನೆ.