ಹೃದಯಕ್ಕೆ ಗೆರೆ ಎಳೆಯೋನು

ನಮ್ಮ ಸ್ಕ್ಯಾನಿಂಗ್ ಕೋಣೆಯಲ್ಲಿ ಇಂಥದ್ದು ನಡೆಯದ ದಿನವೇ ಇಲ್ಲ. ನನಗಂತೂ ನಗೋಕೂ ಸುಸ್ತಾಗಿದೆ.

ಹೃದಯ ಎದೆಯೊಳಗೆ ಓರೆಯಾಗಿ ಕೂತಿರುತ್ತೆ. ಎಂಆರ್‌ಐ ತೆಗೆಯೋ ಮುಂಚೆ ಅದನ್ನ ಯಾವ ಓರೆಯಲ್ಲಿ ಹಿಡೀಬೇಕು ಅಂತ ಪರದೆ ಮೇಲೆ ಗೆರೆ ಎಳೀಬೇಕು. ಕೋಲಾರದಲ್ಲಿ ಆ ಗೆರೆ ಎಳೆಯೋ ಗಂಡು ನಾನೊಬ್ಬನೇ. ಗೌನಿಪಲ್ಲಿಯಿಂದ ಬಂದು ಎರಡು ವರ್ಷ ಕಣ್ಣು ಉರಿಸಿಕೊಂಡು ಕಲಿತಿದ್ದು. ಈಗ ತನ್ನಷ್ಟಕ್ಕೆ ತಾನೇ ಗೆರೆ ಎಳೆಯೋ ಸಾಫ್ಟ್‌ವೇರ್ ಬಂದಿದೆ. ಒಂದು ವಾರ ನೋಡೋಣ, ಸರಿಹೋದರೆ ನೀನು ಮಾಲೂರಿನ ಎಕ್ಸ್‌ರೇಗೆ ಹೋಗು ಅಂದರು ಡಾಕ್ಟರ್ ಮೇಡಂ.

೧. ಅನುಭವ

ಮೊದಲು ಮಲಗಿದವರು ಲಕ್ಕೂರಿನ ಫ್ಯಾಕ್ಟರಿ ನೌಕರರೊಬ್ಬರು. ನಾನು ಕುರ್ಚಿ ಎಳ್ಕೊಂಡು ಕೂರೋದರೊಳಗೆ ಅದು ಗೆರೆ ಎಳೆದು ಮುಗಿಸಿತ್ತು. ತಪ್ಪು ಹುಡುಕಿದೆ. ಕಣ್ಣುಜ್ಜಿಕೊಂಡು ಮತ್ತೆ ಹುಡುಕಿದೆ. ಸಿಗಲಿಲ್ಲ.

"ಗೆರೆ ಪರವಾಗಿಲ್ಲ ಮೇಡಂ, ಅನುಭವ ಸಾಲದು," ಅಂದೆ.

"ಅದು ಬಂದು ಎರಡು ದಿನ ಆಯ್ತು ಕಣಪ್ಪ. ಎರಡನೇ ದಿನ ನೀನು ಪೇಷೆಂಟಿನ ಹೊಟ್ಟೆಗೆ ಗೆರೆ ಎಳೆದಿದ್ದೆ."

೨. ಹಿಡಿದುಕೊಳ್ಳಿ

ಚಿತ್ರ ಅಲುಗಬಾರದು ಅಂದರೆ ಉಸಿರು ಕಟ್ಟಬೇಕು. ಅದನ್ನೂ ಈಗ ಯಂತ್ರವೇ ಹೇಳುತ್ತೆ: "ಉಸಿರು ಬಿಡಿ. ಹಿಡಿದುಕೊಳ್ಳಿ." ಮಾಸ್ತಿಯಲ್ಲಿ ಎಮ್ಮೆ ಸಾಕಿರೋ ಯಜಮಾನರೊಬ್ಬರ ಕೈಗೆ, ತೊಂದರೆಯಾದರೆ ಒತ್ತಿ ಅಂತ ರಬ್ಬರ್ ಉಂಡೆ ಕೊಟ್ಟಿದ್ದೆ. ಹಿಡಿದುಕೊಳ್ಳಿ ಅಂದಾಗಲೆಲ್ಲ ಅದನ್ನ ಹಿಂಡಿದರು. ಪ್ರತಿ ಸಲ ಗಂಟೆ ಹೊಡೆದು ಸ್ಕ್ಯಾನ್ ನಿಂತಿತು. ನಾಲ್ಕನೇ ಸಲ ಒಳಗೆ ಹೋಗಿ ಏನಾಯ್ತು ಅಂತ ಕೇಳಿದೆ.

"ನಂಗೇನೂ ಆಗಿಲ್ಲ. ಅವಯ್ಯ ಹಿಡ್ಕೋ ಅಂದ, ಹಿಡ್ಕೊಂಡೆ. ಇಷ್ಟು ಹಿಂಡಿದ್ದಕ್ಕೆ ಎಮ್ಮೆಯಾಗಿದ್ರೆ ಎರಡು ಲೀಟರ್ ಕೊಟ್ಟಿರೋದು."

೩. ಹೆಸರು

ವಾರದ ಕೊನೇ ದಿನ ನಮ್ಮೂರ ಕಡೆಯ, ತೆಲುಗು ಮಾತಾಡೋ ಅಜ್ಜಿಯೊಬ್ಬರು ಬಂದರು. ಸಾಫ್ಟ್‌ವೇರಿನ ಗೆರೆ ಅಚ್ಚುಕಟ್ಟು. ಮಾಲೂರಿನ ಬಸ್ಸು ನನ್ನ ಕಣ್ಣಿಗೆ ಕಟ್ಟಿತು. ಆದರೆ ನಮ್ಮ ಕಡೆ ಯಾರಾದರೂ ಮಾತಾಡಿಸಿದರೆ ಸುಮ್ಮನಿರೋದು ಮರ್ಯಾದೆಯಲ್ಲ. ಯಂತ್ರ ಉಸಿರು ಹಿಡೀರಿ ಅಂದಾಗಲೆಲ್ಲ ಅಜ್ಜಿ "ಅಟ್ಲೇ ನಾಯನಾ", ಹಾಗೇ ಆಗ್ಲಪ್ಪ, ಅಂತ ಉತ್ತರ ಕೊಟ್ಟರು. ಚಿತ್ರಗಳೆಲ್ಲ ಕದಡಿಹೋದವು. ಮಾತಾಡಬೇಡಿ ಅಂತ ಮೇಡಂ ಹೇಳಿದರೆ, ಇನ್ಮೇಲೆ ಮಾತಾಡಲ್ಲ ತಾಯಿ ಅಂತ ಅದಕ್ಕೂ ಉತ್ತರ. ಮೇಡಂ ನನ್ನ ಮುಖ ನೋಡಿದರು.

ನಾನು ಮೈಕ್ ತಗೊಂಡು ತೆಲುಗಲ್ಲೇ ಕೇಳಿದೆ: "ಅವ್ವಾ, ಮೀ ಆಯನ ಪೇರೇಮಿ?"

ಗಂಡನ ಹೆಸರು ಕೇಳಿದ್ದೇ ತಡ, ಅಜ್ಜಿಯ ಬಾಯಿ ಮುಚ್ಚಿತು, ಉಸಿರೂ ನಿಂತಿತು. ಹೃದಯ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಮುಂದಿನ ಚಿತ್ರಕ್ಕೆ ಮಾವನ ಹೆಸರು ಕೇಳಿದೆ.

ಮಾಲೂರು ತಪ್ಪಿತು. ಈಗ ಗೆರೆ ಸಾಫ್ಟ್‌ವೇರ್ ಎಳೆಯುತ್ತೆ. ಎರಡು ವರ್ಷ ಕಲಿತ ನಾನು, ಜಿಲ್ಲೆಯ ಅಜ್ಜಿಯರಿಗೆಲ್ಲ ಗಂಡನ ಹೆಸರು ಕೇಳ್ತಾ ಕೂತಿದೀನಿ. ಇವತ್ತಿನವರೆಗೂ ಒಬ್ಬರದ್ದೂ ಗೊತ್ತಾಗಿಲ್ಲ.