ಮುಂದೋಡುವ ಗಡಿಯಾರ, ಹಿಂದುಳಿದ ಅಜ್ಜಿ

ಗಡಿಯಾರ ನಂಬಿ ಬದುಕುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ನ್ಯಾಮತಿಯ ನಮ್ಮ ಮನೆಯ ಗೋಡೆ ಗಡಿಯಾರ ಯಾವತ್ತೂ ನಿಜ ಹೇಳಿದ್ದಿಲ್ಲ. ಬಸ್ಸು ತಪ್ಪಬಾರದೆಂದು ನಾನು ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದೆ. ನನಗೆ ಗೊತ್ತಿಲ್ಲದೆ ನಮ್ಮ ಯಜಮಾನರೂ ಸ್ವಲ್ಪ ತಿರುಗಿಸಿದ್ದರು. ಸೊಸೆ ತಿರುಗಿಸಿದಳೋ ಇಲ್ಲವೋ, ಕೇಳಿದರೆ ನಗುತ್ತಾಳೆ. ಗಡಿಯಾರ ನೋಡಿ ಅವರವರಿಗೆ ತಿಳಿದಷ್ಟು ನಿಮಿಷ ಕಳೆಯುವುದು ನಮ್ಮ ಮನೆಯ ಪದ್ಧತಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರುವ ಲೆಕ್ಕ ಅದೊಂದೇ, ಕಳೆಯುವುದು.

ಇಂಥ ಮನೆಯ ಮೊಮ್ಮಗಳು ಭೂಮಿಕಾ, ಹೊನ್ನಾಳಿಯ ವಿಜ್ಞಾನ ಪ್ರದರ್ಶನಕ್ಕೆ ಆರಿಸಿಕೊಂಡ ವಿಷಯ ಏನು ಗೊತ್ತೇ? ಗಡಿಯಾರ ಹೊಂದಿಸುವುದು! ನನ್ನ ಚಿನ್ನ, ನನ್ನ ಮುಂದೆ ಕೂತು ಪಾಠ ಒಪ್ಪಿಸಿದಳು.

“ದೂರದೂರ ಇರೋ ಎರಡು ಗಡಿಯಾರ ಹೊಂದಿಸಾಕೆ ಬೆಳಕು ಕಳಿಸ್ತಾರೆ ಅಜ್ಜಿ. ಬೆಳಕು ಹೋಗಾಕೂ ಹೊತ್ತು ಬೇಕು. ಅದನ್ನ ಲೆಕ್ಕಕ್ಕೆ ಹಿಡೀಬೇಕು.”

“ನಾನು ಊಟಕ್ಕೆ ಕರೆದ್ರೆ ನಿಮ್ಮಜ್ಜ ಏಳಾಕೆ ಅರ್ಧ ಗಂಟೆ ಬೇಕು. ಹಂಗೇನೇ?”

“ಬೆಳಕು ಅಷ್ಟು ಸೋಮಾರಿ ಅಲ್ಲ ಬಿಡು,” ಎಂದಳು. ಜಗಲಿಯಲ್ಲಿ ಅಜ್ಜ ಕೆಮ್ಮಿದರು.

ಪ್ರದರ್ಶನದ ಹಿಂದಿನ ಸಂಜೆ ಅವಳು ಮೊಬೈಲ್ ನೋಡಿ ಗೋಡೆ ಗಡಿಯಾರ ಸರಿ ಮಾಡಿ, “ಇನ್ನು ಯಾರೂ ಕಳೀಬ್ಯಾಡ್ರಿ” ಎಂದು ಕಟ್ಟಪ್ಪಣೆ ಮಾಡಿದಳು. ಎಲ್ಲರೂ ತಲೆಯಾಡಿಸಿದೆವು. ಬೆಳಿಗ್ಗೆ ಬ್ಯಾಟರಿ, ಕನ್ನಡಿ ಡಬ್ಬಿಗೆ ತುಂಬುತ್ತ, “ಅಜ್ಜಿ, ಹೊತ್ತಾದ್ರೆ ಹೇಳು” ಎಂದಳು. ಗಡಿಯಾರ ನೋಡಿದೆ. ತಲೆ ತನ್ನಷ್ಟಕ್ಕೆ ಹತ್ತು ಕಳೆಯಿತು. ಇನ್ನೂ ಹೊತ್ತಿದೆಯಲ್ಲ ಎಂದು ಮಗುವಿಗೆ ಇನ್ನೊಂದು ದೋಸೆ ಹುಯ್ದೆ. ಇಬ್ಬರೂ ಬಸ್ ಸ್ಟ್ಯಾಂಡ್ ಮುಟ್ಟಿದಾಗ ಬಸ್ಸಿನ ಬೆನ್ನು ಕಂಡಿತು. ಮುಂದಿನ ಬಸ್ಸಿಗೆ ಕಾದರೆ ಅವಳ ಸರದಿಯೇ ಮುಗಿದುಹೋಗುತ್ತಿತ್ತು. ಹುಡುಗಿಯ ಕಣ್ಣು ತುಂಬಿತು. ಈರುಳ್ಳಿ ಚೀಲ ಹೇರಿಕೊಂಡು ಹೊನ್ನಾಳಿ ಕಡೆ ಹೊರಟಿದ್ದ ಲಗೇಜ್ ಆಟೋಕ್ಕೆ ಅಡ್ಡ ನಿಂತೇಬಿಟ್ಟೆ.

“ಏನಮ್ಮೋ, ಸಾಯಾಕೆ ನನ್ನ ಆಟೋನೇ ಬೇಕಿತ್ತಾ?” ಎಂದ ಡ್ರೈವರ್, ಹುಡುಗಿಯ ಮುಖ ನೋಡಿ, “ಹತ್ರಿ, ಹತ್ರಿ” ಎಂದ.

ಸರಿಯಾದ ಹೊತ್ತಿಗೇ ತಲುಪಿದೆವು. ಬಹುಮಾನ ಕೊಡುವ ಮೇಷ್ಟ್ರು ಕೇಳಿದರು, “ಇದರಲ್ಲಿ ಕಷ್ಟದ್ದು ಯಾವುದಮ್ಮಾ?”

“ಬೆಳಕು ಎಷ್ಟು ತಡ ಮಾಡ್ತೈತೆ ಅಂತ ಲೆಕ್ಕ ಸಿಗ್ತೈತೆ ಸಾರ್. ನಮ್ಮಜ್ಜಿ ಎಷ್ಟು ಕಳೀತಾಳೆ ಅಂತ ಸಿಗಲ್ಲ.”

ಹಾಲ್‌ಗೆ ಹಾಲೇ ನಕ್ಕಿತು. ಮೈಯೆಲ್ಲ ಈರುಳ್ಳಿ ವಾಸನೆಯ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮೊದಲ ಬಹುಮಾನ ನನ್ನ ಕೂಸಿಗೇ!

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಬಹುಮಾನ ತೋರಿಸಿ, ಮಂಡಕ್ಕಿ ಮಾರುವವಳಿಗೆ ಬೆಳಕಿನ ಪಾಠ ಶುರು ಮಾಡಿದ್ದೆ. ಭೂಮಿಕಾ ಸೆರಗು ಜಗ್ಗಿದಳು. “ಅಜ್ಜೀ, ಬಸ್ಸು!”

“ಇರೇ, ಇನ್ನೂ ಹೊತ್ತೈತೆ,” ಎಂದೆ, ಅಲ್ಲಿನ ಗಡಿಯಾರ ನೋಡಿ.

ಬಸ್ಸು ಹೋಯಿತು. ಬಸ್ ಸ್ಟ್ಯಾಂಡಿನ ಗಡಿಯಾರ, ಪಾಪ, ಸರಿಯಾಗಿಯೇ ಇತ್ತು.